ರಾಜತ್ತೆಯ ಕಲ್ಪಭೇದ

ಮೊನ್ನೆ ನಮ್ಮ ಡಿಪಾರ್ಟ್‌ಮೆಂಟಿನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಬೈಂಡ್ ಮಾಡಿಸಲು ಹಾಸನದ ಪೇಟೆಯ ಒಂದು ಸಣ್ಣ ಅಂಗಡಿಗೆ ಹೋಗಿದ್ದೆ. ಇಂಥ ಕೆಲಸಗಳು ಸ್ಟಾಫ್ ರೂಮಿನಲ್ಲಿ ಸುತ್ತಿ ಸುತ್ತಿ ಕೊನೆಗೆ ನನ್ನ ತಲೆಗೇ ಬಂದು ಕೂರುತ್ತವೆ; ಆಗುವುದಿಲ್ಲ ಎನ್ನಲು ನನಗೆ ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಅಂಗಡಿಯವನು ಮೂಲೆಯಲ್ಲಿ ಸ್ಟವ್ ಮೇಲೆ ಮೈದಾ ಅಂಟು ಕಾಯಿಸುತ್ತಿದ್ದ. ಹುಳ ಹಿಡಿಯದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಉದುರಿಸಿದ. ಗಂಜಿಯದೂ ಅಲ್ಲದ, ಔಷಧಿಯದೂ ಅಲ್ಲದ ಆ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ನನಗಂತೂ ಅದು ಮೂಗಿಗೆ ಬಡಿದದ್ದೇ ಹೊಳೆನರಸೀಪುರದ ನಮ್ಮ ಮನೆಯ ಪಡಸಾಲೆ ಕಣ್ಣೆದುರು ಬಂತು. ಚಾಪೆಯ ಮೇಲೆ ರಾಜತ್ತೆ ಕೂತಿದ್ದಾಳೆ. ಬ್ಲೇಡು ಹಿಡಿದು ವಾರಪತ್ರಿಕೆಯ ಹಾಳೆಗಳನ್ನು ಬಿಡಿಸುತ್ತಿದ್ದಾಳೆ.

ರಾಜತ್ತೆ ನಮ್ಮಪ್ಪನ ತಂಗಿ. ಅರಕಲಗೂಡಿಗೆ ಕೊಟ್ಟಿತ್ತು. ಗಂಡ ಶ್ರೀಕಂಠಯ್ಯನವರು ಒಂದು ದಿನ ಬೆಳಿಗ್ಗೆ ತಿಂಡಿ ತಿಂದು, ಹಾಸನಕ್ಕೆ ಹೋಗಿ ಸಂಜೆ ಬರುತ್ತೇನೆಂದು ಹೇಳಿ ಹೋದವರು ಬರಲಿಲ್ಲ. ಜಗಳವಿಲ್ಲ, ಸಾಲವಿಲ್ಲ, ಒಂದು ಕೆಟ್ಟ ಮಾತಿಲ್ಲ. ಹುಡುಕಿದ್ದಾಯಿತು, ಹರಕೆ ಹೊತ್ತಿದ್ದಾಯಿತು. ಮಕ್ಕಳಿರಲಿಲ್ಲ. ಕೊನೆಗೆ ಅತ್ತೆ ಟ್ರಂಕು ತೆಗೆದುಕೊಂಡು ಹೊಳೆನರಸೀಪುರಕ್ಕೆ ಅಣ್ಣನ ಮನೆಗೆ ಬಂದಳು, ಅಲ್ಲೇ ಶಾಲೆಯಲ್ಲಿ ಟೀಚರಾದಳು. ಕತ್ತಿನಲ್ಲಿ ತಾಳಿ, ಹಣೆಯಲ್ಲಿ ಕುಂಕುಮ ಹಾಗೇ ಇದ್ದವು. ಊರಿನ ಹೆಂಗಸರು ಅರಿಶಿನ ಕುಂಕುಮಕ್ಕೆ ಕರೆಯುತ್ತಿದ್ದರು, ಆದರೆ ಅವಳಿಗೆ ತಟ್ಟೆ ಚಾಚುವಾಗ ಅವರ ಕೈ ಒಂದು ಗಳಿಗೆ ಅನುಮಾನಿಸುತ್ತಿತ್ತು. ಅದನ್ನು ನೋಡಿದಾಗೆಲ್ಲ ನನಗೆ ಅವರ ಮೇಲೆ ಕೋಪ ಬರುತ್ತಿತ್ತು. ಅತ್ತೆ ಮಾತ್ರ ತಟ್ಟೆಗೆ ತಾನೇ ಕೈ ಹಾಕಿ ಕುಂಕುಮ ಇಟ್ಟುಕೊಂಡು ಬರುತ್ತಿದ್ದಳು.

ತೊಂಬತ್ತರ ದಶಕದ ಆ ದಿನಗಳಲ್ಲಿ ವಾರಪತ್ರಿಕೆಯ ಧಾರಾವಾಹಿಗಳನ್ನು ಕಿತ್ತು ಬೈಂಡ್ ಮಾಡಿಸಿಡುವುದು ಎಷ್ಟೋ ಮನೆಗಳಲ್ಲಿ ರೂಢಿಯಾಗಿತ್ತು. ಓದುವುದು ಒಂದು ಸುಖವಾದರೆ ಕೀಳುವುದು ಒಂದು ಕದನ. ಧಾರಾವಾಹಿಯ ಹಾಳೆಯ ಹಿಂಬದಿಗೆ ಅಡುಗೆಯ ಪುಟ ಬಂದಿರುತ್ತಿತ್ತು. ನಮ್ಮಮ್ಮನಿಗೆ ಅದು ಬೇಕು. ಒಂದು ಸಲ ಅತ್ತೆ ಹಾಳೆ ಕಿತ್ತಿದ್ದರಿಂದ ಅಮ್ಮನ ಬದನೆಕಾಯಿ ಗೊಜ್ಜು ಅರ್ಧ ಬಾಹ್ಯಾಕಾಶಕ್ಕೆ ಹೋಗಿಬಿಟ್ಟಿತು. ಉಳಿದರ್ಧವನ್ನು ಅಮ್ಮ ಅಂದಾಜಿನ ಮೇಲೆ ಮಾಡಿ ಎಲ್ಲರಿಗೂ ಬಡಿಸಿದಳು. ಅದಾದ ಮೇಲೆ ಅಪ್ಪ ಮಧ್ಯೆ ಬಂದು, ಅಡುಗೆಯನ್ನು ಮೊದಲು ಬರೆದುಕೊಳ್ಳತಕ್ಕದ್ದು, ಆಮೇಲೆ ಕೀಳತಕ್ಕದ್ದು ಎಂದು ತೀರ್ಪು ಕೊಟ್ಟರು.

ಬಾಹ್ಯಾಕಾಶ ಎಂದೆನಲ್ಲ, ಅದೇ ವಿಷಯಕ್ಕೆ ಬರುತ್ತೇನೆ. ಅತ್ತೆ ಕೂಡಿಡುತ್ತಿದ್ದದ್ದು ‘ವರುಣನೌಕೆ’ ಎಂಬ ವೈಜ್ಞಾನಿಕ ಧಾರಾವಾಹಿಯನ್ನು. ಬರೆಯುವವರು ಯಾರೋ ಕಾವ್ಯನಾಮದ ಹಿಂದೆ ಅಡಗಿದ್ದರು. ವರ್ಷಗಟ್ಟಲೆ ನಡೆದ ಕಥೆ ಅದು. ಭೂಮಿ ಬಿಟ್ಟು ಹೊರಟ ಒಂದು ನೌಕೆ, ಅದರ ನಾಯಕಿ ಸುನೀತ, ಅವಳ ಗಂಡ ಎಂಜಿನಿಯರ್ ಅನಂತ. ಒಂದು ವಾರ, ಶನಿಗ್ರಹದ ಉಂಗುರದ ಹತ್ತಿರ ನೌಕೆ ಕೆಟ್ಟು ನಿಂತು, ರಿಪೇರಿಗೆಂದು ಹೊರಗಿಳಿದ ಅನಂತ ಸ್ಫೋಟಕ್ಕೆ ಸಿಕ್ಕಿ ಸತ್ತುಹೋದ. ಓದುಗರು ದುಃಖದಿಂದಲೂ ಸಿಟ್ಟಿನಿಂದಲೂ ಪತ್ರಗಳ ಮೇಲೆ ಪತ್ರ ಬರೆದರು. ಲೇಖಕರು ಕೆಲವು ತಿಂಗಳು ತಡೆದುಕೊಂಡು, ಆಮೇಲೆ ಒಂದು ಉಪಾಯ ಹೂಡಿದರು: ಸ್ಫೋಟದ ಗಳಿಗೆಯಲ್ಲಿ ಕಾಲವೇ ಎರಡು ಕವಲಾಯಿತಂತೆ. ಒಂದು ಕವಲಿನಲ್ಲಿ ಅನಂತ ಸತ್ತ, ಇನ್ನೊಂದರಲ್ಲಿ ಬದುಕಿದ. ಅಲ್ಲಿಂದ ಮುಂದೆ ಒಂದು ವಾರ ಆ ಕವಲಿನ ಕಥೆ, ಮತ್ತೊಂದು ವಾರ ಈ ಕವಲಿನದು. ಒಂದರಲ್ಲಿ ಆದದ್ದು ಇನ್ನೊಂದನ್ನು ಮುಟ್ಟುವುದಿಲ್ಲ, ಎರಡೂ ಅಕ್ಕಪಕ್ಕದಲ್ಲೇ ನಡೆಯುತ್ತಿರುತ್ತವೆ ಎಂಬುದು ನಿಯಮ.

ಇಷ್ಟಕ್ಕೇ ನಿಂತಿದ್ದರೆ ನಾವೆಲ್ಲ ಸುಧಾರಿಸಿಕೊಳ್ಳುತ್ತಿದ್ದೆವು. ಒಂದು ವಾರ ಚಿತ್ರಗಾರರು ಏನು ಯೋಚನೆಯಲ್ಲಿದ್ದರೋ, ಅನಂತನಿಗೆ ಮೀಸೆ ಬರೆದುಬಿಟ್ಟರು. ಎರಡು ಕವಲಿನಲ್ಲೂ ಅವನಿಗೆ ಮೀಸೆ ಇರಲಿಲ್ಲ. ಓದುಗರು ಗಲಾಟೆ ಎಬ್ಬಿಸಿದ ಮೇಲೆ ಲೇಖಕರು ಸೋಲೊಪ್ಪದೆ, ಅದು ಮೂರನೇ ಕವಲಿನ ಅನಂತ, ಆ ಕವಲಿನಲ್ಲಿ ನೌಕೆ ಭೂಮಿಯನ್ನು ಬಿಟ್ಟೇ ಇಲ್ಲ ಎಂದು ಸಮಜಾಯಿಷಿ ಕೊಟ್ಟು, ಆ ಮೀಸೆಗಾಗಿ ಆರೇಳು ಕಂತು ಬರೆದರು. ದೊಡ್ಡ ದೊಡ್ಡ ಕಥಾಲೋಕಗಳು ಹೀಗೆ ಒಬ್ಬರ ತಪ್ಪನ್ನು ಇನ್ನೊಬ್ಬರು ಮುಚ್ಚುತ್ತಲೇ ಬೆಳೆಯುತ್ತವೆಂದು ನನಗೆ ಆಮೇಲೆ ಗೊತ್ತಾಯಿತು.

ಪತ್ರಿಕೆ ನಮ್ಮ ಮನೆಗೆ ಬರುವ ಮುಂಚೆಯೇ ಅದನ್ನು ಓದಿ ಮುಗಿಸುತ್ತಿದ್ದವರು ರಂಗೇಗೌಡರು. ಚನ್ನರಾಯಪಟ್ಟಣದಿಂದ ಹೊಳೆನರಸೀಪುರದ ಮೇಲೆ ಅರಕಲಗೂಡಿಗೆ ಹೋಗುವ ಬಸ್ಸಿನ ಕಂಡಕ್ಟರು. ಚನ್ನರಾಯಪಟ್ಟಣದ ಕಡೆಯ ಬೇಸಾಯದ ಮನೆಯವರು. ಅತ್ತೆ ಶಾಲೆಗೆ ನಡೆದು ಹೋಗುವ ಹೊತ್ತಿಗೆ ಬಸ್ಸು ಸ್ಟ್ಯಾಂಡಿನಲ್ಲಿ ನಿಂತಿರುತ್ತಿತ್ತು. ಫುಟ್‌ಬೋರ್ಡ್ ಮೇಲಿನಿಂದಲೇ ಅವರು ಕೂಗಿ ಹೇಳುತ್ತಿದ್ದರು.

“ಟೀಚರಮ್ಮ, ಈ ವಾರ ಓದ್‌ಬ್ಯಾಡಿ ಕಣಮ್ಮ. ಅನಂತಪ್ಪ ಸತ್ತೋದ.”

“ಅಯ್ಯೋ ರಂಗೇಗೌಡ್ರೇ, ಹೇಳಬೇಡಿ ಅಂತ ಎಷ್ಟು ಸಲ ಹೇಳಿದೀನಿ ನಿಮಗೆ!”

“ಯೋಳ್ದೆ ಎಂಗಿರಾದು? ಒಟ್ಟೆ ಉರಿತದೆ.”

ಈ ಕವಲುಗಳ ಸಂಬಂಧ ಎಂಥದು ಎಂಬುದರಲ್ಲಿ ರಂಗೇಗೌಡರಿಗೆ ಯಾವ ಗೊಂದಲವೂ ಇರಲಿಲ್ಲ. “ನೋಡಿ ಟೀಚರಮ್ಮ, ಆಸನದ ಸ್ಟ್ಯಾಂಡ್ನಾಗೆ ಎಲ್ಡು ಬಸ್ಸು ನಿಂತಿರ್ತವೆ. ಎಲ್ಡೂ ಅರಕಲಗೂಡಿಗೇಯ. ಒಂದು ನರಸೀಪುರದ ಮ್ಯಾಲೆ ಓಯ್ತದೆ, ಒಂದು ನೇರ ಓಯ್ತದೆ. ನೀವು ಇದ್ರಾಗೆ ಅತ್ತುದ್ರಿ ಅಂತ ಅದೇನು ನಿಂತೋಯ್ತದಾ? ಅದ್ರ ಪಾಡಿಗೆ ಅದು ಓಯ್ತಿರ್ತದೆ. ಅದ್ರಾಗೂ ಜನ ಕೂತಿರ್ತಾರೆ, ಮಕ್ಕಳು ಮರಿ ಎಲ್ಲಾನೂವೆ.”

ಅತ್ತೆ ಎರಡು ಕವಲನ್ನೂ ಬೇರೆ ಬೇರೆ ಬೈಂಡ್ ಮಾಡಿಸಿದಳು. ಅನಂತ ಸತ್ತದ್ದಕ್ಕೆ ಕೆಂಪು ಕ್ಯಾಲಿಕೊ ಬಟ್ಟೆಯ ರಟ್ಟು, ಬದುಕಿದ್ದಕ್ಕೆ ನೀಲಿ. ಆಗ ಒಂದು ತೊಡಕು ಬಂತು. ಕವಲೊಡೆಯುವ ಮುಂಚಿನ ಕಂತುಗಳು ಎರಡಕ್ಕೂ ಬೇಕಲ್ಲ! ರಂಗೇಗೌಡರು ತಮ್ಮ ಪ್ರತಿಗಳನ್ನು ತಂದುಕೊಟ್ಟರು. ಓದುತ್ತ ಓದುತ್ತ ಮೈಮರೆತು ಟಿಕೆಟ್ ಪಂಚಿನಿಂದ ಅಂಚಿಗೆಲ್ಲ ತೂತು ಹೊಡೆದಿದ್ದರು. ನೀಲಿ ಸಂಪುಟದ ಮೊದಲ ನೂರು ಪುಟ ಇವತ್ತಿಗೂ ಜಾಲರಿಯಂತಿದೆ. ಮೂರನೇ ಕವಲಿನ ಹಾಳೆಗಳನ್ನು ಅತ್ತೆ ಬೈಂಡಿಗೆ ಹಾಕಲಿಲ್ಲ. “ಹೊರಡದೇ ಇರೋ ಹಡಗಿಗೆ ರಟ್ಟು ಬೇರೆ ಕೇಡು” ಎಂದು ಅದರಲ್ಲಿ ಕಡಲೆಬೀಜ ಕಟ್ಟಿದಳು.

ನಾನು ಆಗಷ್ಟೇ ಹಾಸನದ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿ, ಲೋಕವನ್ನು ತಿದ್ದುವ ಹುಮ್ಮಸ್ಸಿನಲ್ಲಿದ್ದವಳು. “ಒಂದು ನೌಕೆ ಎರಡಾಗಬೇಕಾದರೆ ಇನ್ನೊಂದರ ತೂಕ ಎಲ್ಲಿಂದ ಬಂತು ಅತ್ತೆ?” ಎಂದು ಪೀಡಿಸುತ್ತಿದ್ದೆ. “ನಿನ್ನ ತೂಕದ ಲೆಕ್ಕಾನ ರೇಷನ್ ಅಂಗಡೀಲಿ ಹೇಳು ಹೋಗೇ” ಎನ್ನುತ್ತಿದ್ದಳು. ನನ್ನ ವಿಜ್ಞಾನಕ್ಕೆ ನಮ್ಮ ಬೀದಿಯಲ್ಲಿ ಅಷ್ಟೇ ಮರ್ಯಾದೆ.

ನಿಜ ಹೇಳಬೇಕೆಂದರೆ, ಆ ಬೀದಿಯವರಿಗೆ ಎರಡು ಕಾಲಗಳಲ್ಲಿ ಬದುಕುವುದು ಹೊಸದೇನಾಗಿರಲಿಲ್ಲ. ನಾವು ಸ್ಮಾರ್ತರು, ಎದುರುಮನೆಯವರು ಅಯ್ಯಂಗಾರರು. ನಮ್ಮ ಮನೆಯಲ್ಲಿ ಕೃಷ್ಣ ಇವತ್ತು ಹುಟ್ಟಿದರೆ ಅವರ ಮನೆಯಲ್ಲಿ ಎಷ್ಟೋ ಸಲ ನಾಳೆಯೋ ನಾಡಿದ್ದೋ ಹುಟ್ಟುತ್ತಿದ್ದ. ನಮಗೆ ಅಷ್ಟಮಿ ಮುಖ್ಯ, ಅವರಿಗೆ ರೋಹಿಣಿ. ಮಕ್ಕಳಾಗಿದ್ದಾಗ ನಾವು ಎರಡು ಮನೆಯ ಚಕ್ಕುಲಿಯನ್ನೂ ತಿಂದು, ಯಾವ ಕೃಷ್ಣ ನಿಜವಾದವನು ಎಂದು ಒಮ್ಮೆಯೂ ಕೇಳದೆ ದೊಡ್ಡವರಾದೆವು. ದೊಡ್ಡವರಾದ ಮೇಲೆಯೇ ಇಂಥ ಪ್ರಶ್ನೆಗಳು ಹುಟ್ಟುವುದು.

ನಮ್ಮ ಮನೆಯ ಪುರೋಹಿತರಾದ ಜೋಯಿಸರು ಪತ್ರಿಕೆಯನ್ನು ವಾರಭವಿಷ್ಯದ ತಪ್ಪು ಹುಡುಕಲೆಂದು ಒಯ್ಯುತ್ತಿದ್ದರು. ಹಾಗೆಂದು ಅವರು ಹೇಳುತ್ತಿದ್ದರು. ಹಿಂದಿರುಗಿಸುವಾಗ ‘ವರುಣನೌಕೆ’ಯ ಪುಟದಲ್ಲಿ ನಶ್ಯದ ಪುಡಿ ಇರುತ್ತಿತ್ತು. ಒಂದು ದಿನ ಅತ್ತೆ ಅವರನ್ನೇ ಕೇಳಿದಳು.

“ಜೋಯಿಸರೇ, ಈ ಎರಡರಲ್ಲಿ ಯಾವುದು ನಿಜ?”

“ಅದರಲ್ಲೇನಿದೆ ತಾಯಿ? ಕಲ್ಪಭೇದ” ಎಂದರು ಜೋಯಿಸರು. “ಒಂದು ಪುರಾಣದಲ್ಲಿ ಗಣಪತಿ ಅಣ್ಣ, ಇನ್ನೊಂದರಲ್ಲಿ ಷಣ್ಮುಖ ಅಣ್ಣ. ಯಾವುದನ್ನ ಸುಳ್ಳು ಅನ್ನೋಕಾಗತ್ತೆ? ಆ ಕಲ್ಪದಲ್ಲಿ ಹಾಗೆ ನಡೀತು, ಈ ಕಲ್ಪದಲ್ಲಿ ಹೀಗೆ ನಡೀತು. ಹಿರಿಯರು ಆಗಲೇ ಇದನ್ನ ಬಗೆಹರಿಸಿಟ್ಟಿದಾರೆ. ನಿಮ್ಮ ಲೇಖಕರು ಈಗ ಬಂದಿದಾರೆ, ಅಷ್ಟೆ.”

ಅತ್ತೆ ಆ ಮಾತನ್ನು ಬಹಳ ದಿನ ಮೆಲುಕು ಹಾಕಿದಳು. ಮನೆಯಲ್ಲಿ ನಾವೆಲ್ಲ ಅದಕ್ಕೊಂದು ಅರ್ಥ ಕಟ್ಟಿಕೊಂಡಿದ್ದೆವು. ಅವಳು ನೀಲಿ ಸಂಪುಟ ಹಿಡಿದು ಕೂತಾಗ ಅಮ್ಮ ನನ್ನ ಕಡೆ ನೋಡಿ ಕಣ್ಣಲ್ಲೇ ‘ಪಾಪ’ ಎನ್ನುತ್ತಿದ್ದಳು. ಗಂಡ ಎಲ್ಲೋ ಬದುಕಿದ್ದಾನೆ, ಒಂದಲ್ಲ ಒಂದು ದಿನ ಬರುತ್ತಾನೆಂದು ನಂಬಿಕೊಳ್ಳಲು ಅವಳಿಗೆ ಈ ಕಥೆ ಆಸರೆ ಎಂದು ನಾನೂ ತಿಳಿದಿದ್ದೆ.

ಹೀಗಿರುವಾಗ ಹನ್ನೆರಡು ವರ್ಷ ತುಂಬಿತು. ಸುದ್ದಿಯಿಲ್ಲದೆ ಹೋದವರನ್ನು ಅಷ್ಟು ವರ್ಷ ಕಾದು ನೋಡಬೇಕು. ಬರದಿದ್ದರೆ ದರ್ಭೆಯಲ್ಲಿ ಆಕೃತಿ ಮಾಡಿ ಸಂಸ್ಕಾರ ಮಾಡಬೇಕೆಂದು ಶಾಸ್ತ್ರ. ಆ ವರ್ಷದ ಪಿತೃಪಕ್ಷಕ್ಕೆ ಮುಂಚೆ ಶ್ರೀಕಂಠಯ್ಯನವರ ಅಣ್ಣ ನಂಜುಂಡಯ್ಯನವರು ಅರಕಲಗೂಡಿನಿಂದ ಬಂದರು. ಒಳ್ಳೆಯ ಮನುಷ್ಯ, ತಮ್ಮನೆಂದರೆ ಪ್ರಾಣ. ಆ ಹನ್ನೆರಡು ವರ್ಷವೂ ಯಾರು ಎಲ್ಲಿ ಕಂಡೆನೆಂದರೂ ಅಲ್ಲಿಗೆ ಓಡಿದ್ದರು. ಪಡಸಾಲೆಯಲ್ಲಿ ಕೂತು, ಕಾಫಿ ಲೋಟವನ್ನು ಪಕ್ಕಕ್ಕಿಟ್ಟು ಹೇಳಿದರು.

“ರಾಜಮ್ಮ, ನನಗೆ ಎರಡು ಕಡೆಯಿಂದಲೂ ಸಂಕಟ. ಅವನು ಹೋಗಿದ್ರೆ, ಇಷ್ಟು ವರ್ಷ ಒಂದು ಹಿಡಿ ಅನ್ನ ಇಟ್ಟಿಲ್ಲ ಅವನಿಗೆ. ಇದ್ದರೆ, ಇರೋ ತಮ್ಮನಿಗೆ ಪಿಂಡ ಇಟ್ಟ ಹಾಗಾಗತ್ತೆ. ನೀನು ಏನು ಹೇಳ್ತೀಯೋ ಹಾಗೆ. ಬೇಡ ಅಂದ್ರೆ ಇನ್ನೂ ಹುಡುಕ್ತೀನಿ. ನನ್ನ ಕೈಲಾಗೋವರೆಗೂ ಹುಡುಕ್ತೀನಿ.”

“ಯೋಚನೆ ಮಾಡೋಕೆ ಸ್ವಲ್ಪ ಸಮಯ ಕೊಡಿ ಭಾವ” ಎಂದಳು ಅತ್ತೆ.

ಒಪ್ಪಿದರೆ ಅವಳು ವಿಧವೆ. ಎರಡು ಸಾವಿರದ ಆಸುಪಾಸಿನಲ್ಲಿ ಕಾಲ ಬದಲಾಗಿತ್ತು ಎನ್ನಿ, ಆದರೆ ನಮ್ಮ ಬೀದಿಯಲ್ಲಿ ಅಷ್ಟೊಂದು ಬದಲಾಗಿರಲಿಲ್ಲ. ಅಮ್ಮ, ಅಪ್ಪ, ನಾನು ಮೂವರೂ ಬೇಡವೆಂದೆವು. ಅತ್ತೆ ಜೋಯಿಸರನ್ನು ಕರೆಸಿದಳು.

“ನೀವು ಕಲ್ಪಭೇದ ಅಂದಿದ್ರಲ್ಲ, ಈ ಕೆಲಸಕ್ಕೂ ಅದು ನಡೆಯತ್ತಾ?”

ಜೋಯಿಸರು ನಗಲಿಲ್ಲ. “ಇಲ್ಲ ತಾಯಿ. ಕರ್ಮ ಮಾಡೋರು ಸಂಕಲ್ಪ ಹೇಳಬೇಕಲ್ಲ. ಶ್ವೇತವರಾಹಕಲ್ಪೇ, ವೈವಸ್ವತಮನ್ವಂತರೇ ಅಂತ ಶುರು ಮಾಡಿ, ಯಾವ ಊರು, ಯಾವ ದಿನ, ಯಾರು ಅಂತ ಒಂದೇ ಕಡೆ ನಿಂತು ಹೇಳಬೇಕು. ಕಥೆ ಕೇಳೋರಿಗೆ ಎರಡು ಕಲ್ಪ. ಮಾಡೋರಿಗೆ ಒಂದೇ.”

“ಮಾಡಿದ ಮೇಲೆ ಅವರು ಬಂದುಬಿಟ್ರೆ?”

“ಅದಕ್ಕೂ ದಾರಿ ಇಟ್ಟಿದಾರೆ. ತುಪ್ಪದಲ್ಲಿ ಅದ್ದಿ ತೆಗೆದು, ಸ್ನಾನ ಮಾಡಿಸಿ, ಜಾತಕರ್ಮದಿಂದ ಶುರು ಮಾಡಬೇಕು. ನಾಮಕರಣ, ಉಪನಯನ, ಅದೇ ಹೆಂಡತಿ ಜೊತೆ ಮತ್ತೆ ಮದುವೆ.”

“ತಲೆ ನರೆತಿರೋ ಗಂಡಸಿಗೆ ನಾಮಕರಣವೇ!” ಎಂದು ಅತ್ತೆ ನಕ್ಕಳು. ಜೋಯಿಸರೂ ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅದೇ ದಿನಗಳಲ್ಲಿ ‘ವರುಣನೌಕೆ’ಯೂ ಮುಗಿಯುವುದಕ್ಕೆ ಬಂದಿತ್ತು. ಎರಡು ಕವಲೂ ಕೂಡಿ ಅನಂತ ಸುನೀತರು ಒಂದಾಗುತ್ತಾರೆಂದು ಎಲ್ಲರೂ ಬಾಜಿ ಕಟ್ಟುತ್ತಿದ್ದರು. ಕೊನೆಯ ಕಂತಿನಲ್ಲಿ ಅದೇ ಶನಿಯ ಉಂಗುರದ ಹತ್ತಿರ ಕವಲುಗಳು ಅಕ್ಕಪಕ್ಕಕ್ಕೆ ಬಂದವು. ಗಂಡ ಸತ್ತ ಕವಲಿನ ಸುನೀತ ತನ್ನ ನೌಕೆಯ ಕಿಟಕಿಯಿಂದ ನೋಡುತ್ತಾಳೆ: ಆಚೆ ನೌಕೆಯಲ್ಲಿ ಅನಂತ ಇದ್ದಾನೆ, ಪಕ್ಕದಲ್ಲಿ ಆ ಕವಲಿನ ಸುನೀತ ಇದ್ದಾಳೆ, ಅವರಿಗೊಂದು ಮಗು ಇದೆ. ಇವಳು ಕರೆದರೆ ಅವನಿಗೆ ಕೇಳಿಸುವಷ್ಟು ಹತ್ತಿರ. ಇವಳು ಕರೆಯುವುದಿಲ್ಲ. ಕಿಟಕಿಯ ಪರದೆ ಎಳೆದು, ನೌಕೆಯನ್ನು ಮುಂದೆ ಬಿಡುತ್ತಾಳೆ. ಅಲ್ಲಿಗೆ ಕಥೆ ಮುಗಿಯಿತು.

“ಇದೇನಮ್ಮ ಇದು, ಇಂಗೂ ಬರೀತಾರಾ?” ಎಂದು ರಂಗೇಗೌಡರು ಆ ವಾರ ಬಸ್ಸಿನಿಂದ ಇಳಿದೇ ಬಂದಿದ್ದರು. ನನಗೂ ಸಿಟ್ಟು ಬಂದಿತ್ತು. ಅತ್ತೆ ಹಾಳೆಯನ್ನು ಮಡಿಸಿಟ್ಟು, “ಸರಿಯಾಗೇ ಬರೆದಿದಾರೆ” ಎಂದಳು. ಕರ್ಮ ಮಾಡಿಸಿ ಎಂದು ಆ ಭಾನುವಾರವೇ ಅರಕಲಗೂಡಿಗೆ ಹೇಳಿಕಳಿಸಿದಳು. ಯಾವುದೋ ಕಟ್ಟುಕಥೆ ಓದಿ ಇಷ್ಟು ದೊಡ್ಡ ನಿರ್ಧಾರ ಮಾಡಿಬಿಟ್ಟಳಲ್ಲ ಎಂದು ನಾನು ಅವಳ ಮೇಲೆ ರೇಗಿದ್ದೂ ಉಂಟು.

ಹೇಮಾವತಿಯ ದಡದಲ್ಲಿ ಸಂಸ್ಕಾರ ನಡೆಯಿತು. ದರ್ಭೆಯ ಆಕೃತಿ ಒಂದು ತೋಳಿನುದ್ದ ಇತ್ತು. ನಂಜುಂಡಯ್ಯನವರು ಅದಕ್ಕೆ ಬೆಂಕಿ ಇಟ್ಟು ಮಗುವಿನಂತೆ ಅತ್ತರು. ಅತ್ತೆ ಯಾರನ್ನೂ ಹತ್ತಿರ ಬಿಡದೆ ತಾಳಿಯನ್ನು ತಾನೇ ತೆಗೆದಳು. ಮೈಲಿಗೆ ಕಳೆದ ಮೇಲೆ ಹಣೆಗೊಂದು ಸಣ್ಣ ಕಪ್ಪು ಚುಕ್ಕೆ ಇಟ್ಟುಕೊಂಡು ಶಾಲೆಗೆ ಹೋದಳು. ಆ ವರ್ಷದ ನವರಾತ್ರಿಗೆ ಎದುರುಮನೆಯವರನ್ನು ಬಿಟ್ಟು ಬೇರೆ ಯಾರೂ ಅವಳನ್ನು ಕರೆಯಲಿಲ್ಲ. ನಂಜುಂಡಯ್ಯನವರು ಹುಡುಕುವುದನ್ನು ನಿಲ್ಲಿಸಿದರು; ಪ್ರತಿ ವರ್ಷ ತಪ್ಪದೆ ತಿಥಿ ಮಾಡುತ್ತ ಬಂದರು. ಮುಖದಲ್ಲಿ ನೆಮ್ಮದಿ ಕಾಣುತ್ತಿತ್ತು.

ಈಗ ರಾಜತ್ತೆ ಹಾಸನದಲ್ಲಿ ನನ್ನ ಜೊತೆಯಲ್ಲೇ ಇದ್ದಾಳೆ. ಮೊನ್ನೆ ಬೈಂಡಿಂಗ್ ಅಂಗಡಿಯಿಂದ ಬಂದವಳು ಸಂಜೆ ಹುರುಳಿಕಾಯಿ ಸೋಸುತ್ತ ಹಳೆಯದನ್ನೆಲ್ಲ ತೆಗೆದೆ. “ಅತ್ತೆ, ಅವತ್ತು ಆ ಕೊನೆಯ ಕಂತು ಬೇರೆ ಥರ ಇದ್ದಿದ್ರೆ ನೀನು ಒಪ್ತಿರಲಿಲ್ಲ ಅಲ್ವಾ?”

ಅವಳು ನಾರು ತೆಗೆಯುತ್ತಲೇ ಹೇಳಿದಳು. “ಹೋದ ತಿಂಗಳು ಒಂದು ಮಧ್ಯಾಹ್ನ ತಲೆಗೆ ನೀರು ಹಾಕ್ಕೊಂಡೆ, ಯಾಕೆ ಅಂತ ಕೇಳಿದ್ದಕ್ಕೆ ಸೆಖೆ ಅಂದೆ, ಜ್ಞಾಪಕ ಇದೆಯಾ? ಅವತ್ತು ರಂಗೇಗೌಡ್ರು ಫೋನ್ ಮಾಡಿದ್ರು. ನಿಮ್ಮ ಮಾವ ಹೋದರಂತೆ. ಚನ್ನರಾಯಪಟ್ಟಣದಲ್ಲಿ.”

ಸೋಸುವುದನ್ನು ಬಿಟ್ಟು ನಾನು ಅವಳ ಕಡೆ ತಿರುಗಿ ಕೂತೆ. ಅವಳು ಒಂದೊಂದಾಗಿ ಹೇಳುತ್ತಾ ಹೋದಳು. ಸಂಸ್ಕಾರಕ್ಕೆ ಎಷ್ಟೋ ವರ್ಷ ಮುಂಚೆಯೇ ರಂಗೇಗೌಡರು ಶ್ರೀಕಂಠಯ್ಯನವರನ್ನು ಎರಡನೇ ಸಂಸಾರದೊಡನೆ ಚನ್ನರಾಯಪಟ್ಟಣದಲ್ಲಿ ಕಂಡಿದ್ದರು. ಹಿಂದೆ ಅರಕಲಗೂಡಿಗೆ ಅವರದೇ ಬಸ್ಸಿನಲ್ಲಿ ಓಡಾಡುತ್ತಿದ್ದ ಮನುಷ್ಯ, ಗುರುತು ಹತ್ತದೆ ಇರುತ್ತದೆಯೇ? ಅತ್ತೆಗೊಬ್ಬಳಿಗೇ ಹೇಳಿ, ಕೊನೆಯವರೆಗೂ ಬೇರೆ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

“ಬದುಕಿದಾರೆ ಅಂದಿದ್ರೆ ಭಾವ ಅವತ್ತೇ ಹೋಗಿ ಕೈ ಹಿಡಿದು ಎಳ್ಕೊಂಡು ಬರ್ತಿದ್ರು. ಸುಮ್ಮನಿದ್ದಿದ್ರೆ ಇವತ್ತಲ್ಲ ನಾಳೆ ಅವರೇ ಹುಡುಕಿಬಿಡೋರು. ಸತ್ತರು ಅಂತ ಆದರೆ ತಾನೆ ಹುಡುಕೋದು ನಿಲ್ಲೋದು? ಕಥೆ ಓದಿ ಅಲ್ಲ ಕಣೇ ನಾನು ಒಪ್ಪಿದ್ದು. ನಾನು ಆಗಲೇ ಮನಸ್ಸು ಮಾಡಿದ್ದೆ. ಆ ಕಂತು ಓದಿ, ಇನ್ನೊಬ್ಬರಿಗೂ ಹೀಗೇ ಅನ್ನಿಸಿದೆಯಲ್ಲ ಅಂತ ಧೈರ್ಯ ಬಂತು, ಅಷ್ಟೆ.”

“ಬದುಕಿರೋರಿಗೆ ಪಿಂಡ ಇಡಿಸಿದ್ದು...”

“ಕಾಗೆ ಮುಟ್ಟಿದ್ರೆ ಸತ್ತರು ಅಂತ ನೆಂಟರಿಗೆ ಸುದ್ದಿ ಕಳಿಸಿ ಅಳಿಸಲ್ವೇ, ಆಯಸ್ಸು ಹೆಚ್ಚಲಿ ಅಂತ? ಇದೂ ಹಾಗೇ ಅಂದ್ಕೊಂಡೆ. ಪಾಪ ಇದ್ರೆ ನನಗಿರಲಿ, ಭಾವನಿಗೆ ಬೇಡ ಅಂತ ದೇವರಿಗೆ ಹೇಳಿದ್ದೆ.”

“ನೀನು ಅವರನ್ನ ನೋಡಿದ್ದೆಯಾ ಅತ್ತೆ?”

“ಒಂದೇ ಸಲ. ಶಾಲೆಗೆ ರಜ ಹಾಕಿ ಹೋಗಿದ್ದೆ. ಅವರ ಪುಟ್ಟ ಮಗಳ ಚಪ್ಪಲಿ ಉಂಗುಷ್ಠ ಕಿತ್ತೋಗಿತ್ತು. ರಸ್ತೆ ಬದೀಲಿ ಕುಕ್ಕರುಗಾಲಲ್ಲಿ ಕೂತು ಪಿನ್ನು ಹಾಕ್ತಾ, ಏನೋ ಹೇಳಿ ಅವಳನ್ನ ನಗಿಸ್ತಿದ್ರು. ತಾವೂ ನಗ್ತಿದ್ರು. ನಮ್ಮನೇಲಿ ಅವರು ಹಾಗೆ ನಕ್ಕಿದ್ದನ್ನ ನಾನು ಒಂದು ದಿನವೂ ನೋಡಿರಲಿಲ್ಲ.”

“ಅಳು ಬರ್ಲಿಲ್ವಾ?”

“ಬಂತು. ಪುಣ್ಯಕ್ಕೆ ವಾಪಸ್ ಬರೋವಾಗ ಕಿಟಕಿ ಪಕ್ಕದ ಸೀಟು ಸಿಕ್ತು.”

ನನಗೆ ತಡೆಯಲಾಗಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ಇವಳು ಯಾರದೋ ದಾರಿ ನೋಡುತ್ತ ಕೂತವಳೆಂದು ಮರುಕಪಟ್ಟಿದ್ದೆನಲ್ಲ ಎಂದು ದುಃಖವೂ ನಾಚಿಕೆಯೂ ಒಟ್ಟಿಗೆ ಬಂದವು. ಅತ್ತೆ ಹುರುಳಿಕಾಯಿಯ ಮೊರವನ್ನು ಪಕ್ಕಕ್ಕಿಟ್ಟು ನನ್ನ ಬೆನ್ನು ಸವರಿದಳು.

“ಈಗ್ಯಾಕೆ ಅಳ್ತೀಯೇ ಹುಚ್ಚಿ? ಆ ಹುಡುಗಿಗೆ ಮದುವೆಯಾಗಿದೆಯಂತೆ. ಹೋದ ವರ್ಷ ಮಗುವಾಯಿತಂತೆ, ಅಜ್ಜನ ತೊಡೆ ಬಿಟ್ಟು ಇಳೀತಿರಲಿಲ್ಲವಂತೆ.”

ನಮ್ಮದೇ ಮನೆಯ ಮಗುವಿನ ಸುದ್ದಿಯನ್ನು ಹೇಳುವಾಗ ಅರಳುವ ಹಾಗೆ ಅವಳ ಮುಖ ಅರಳಿತ್ತು.